ಕಂಠಪಾಠದ ಆಚೆಗಿನ ಪ್ರಾರ್ಥನೆ

ದೊಡ್ಡ ರಜೆ ಬಂತೆಂದರೆ ಕರ್ನಾಟಕದ ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಸಡಗರ. ಮಕ್ಕಳು ಬೆಳಿಗ್ಗೆಯೇ ಬಂದು ಸೇರುತ್ತಾರೆ, ಆಕ್ಷನ್ ಸಾಂಗ್ ಹಾಡುತ್ತಾರೆ, ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಾರೆ, ವಚನ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಶರಬತ್ತು ಕುಡಿದು ಮನೆಗೆ ಓಡುತ್ತಾರೆ. ಕೊನೆಯ ದಿನದ ಕಾರ್ಯಕ್ರಮದಲ್ಲಿ ವರದಿ ಓದಲಾಗುತ್ತದೆ. ಇಷ್ಟು ಮಕ್ಕಳು ಬಂದರು, ಇಷ್ಟು ವಚನ ಕಲಿತರು, ಇಷ್ಟು ಮಂದಿ ಯೇಸುವನ್ನು ಸ್ವೀಕರಿಸಿದರು. ಮೊದಲೆರಡು ಲೆಕ್ಕಗಳ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದನ್ನು ನಾವು ಲೆಕ್ಕ ಹಾಕುವುದನ್ನೇ ನಿಲ್ಲಿಸಬೇಕು ಎಂಬುದು ನನ್ನ ವಾದ. ಮಗುವಿನ ನಂಬಿಕೆ ದೊಡ್ಡವರ ವರದಿಗೆ ಸಿಗುವ ವಸ್ತುವಲ್ಲ. ಮಗುವಿಗೆ ಪ್ರಾರ್ಥಿಸಲು ಕಲಿಸುವುದು ನಮ್ಮ ಕೆಲಸ ನಿಜ, ಆದರೆ ಆ ಪ್ರಾರ್ಥನೆ ಏನು ಹೇಳಬೇಕು, ಯಾವಾಗ ಹೇಳಬೇಕು, ಏನನ್ನು ಅನುಭವಿಸಬೇಕು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ.

ಭಾನುವಾರದ ಶಾಲೆ ಹುಟ್ಟಿದ್ದು ಯಾವುದಕ್ಕೆ ಎಂದು ಒಮ್ಮೆ ನೆನೆಯುವುದು ಒಳ್ಳೆಯದು. 1780ರ ಹೊತ್ತಿಗೆ ಇಂಗ್ಲೆಂಡಿನ ಗ್ಲೌಸ್ಟರ್ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ ವಾರವಿಡೀ ದುಡಿದು ಭಾನುವಾರ ಬೀದಿ ಅಲೆಯುತ್ತಿದ್ದ ಬಡವರ ಮಕ್ಕಳನ್ನು ಕೂಡಿಸಿ ಅಕ್ಷರ ಕಲಿಸುವ ಏರ್ಪಾಡು ಮಾಡಿದರು. ಪಠ್ಯ ಸತ್ಯವೇದ, ಗುರಿ ಓದು ಮತ್ತು ನಡತೆ. ಇಂದಿನ ವಿ.ಬಿ.ಎಸ್.ಗೆ ಮೂಲವಾದ ಬೇಸಿಗೆ ಶಾಲೆಯನ್ನೂ 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲೈಜಾ ಹಾಸ್ ಎಂಬಾಕೆ ಆರಂಭಿಸಿದ್ದು ಬೀದಿಯಲ್ಲಿದ್ದ ಮಕ್ಕಳಿಗಾಗಿಯೇ. ನಮ್ಮ ದೇಶದಲ್ಲಿ 1876ರಲ್ಲಿ ಅಲಹಾಬಾದಿನಲ್ಲಿ ಇಂಡಿಯಾ ಸಂಡೇಸ್ಕೂಲ್ ಯೂನಿಯನ್ ಹುಟ್ಟಿತು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆಯನ್ನೂ ಅಚ್ಚುಕೂಟವನ್ನೂ ಬಿಟ್ಟು ಸಭೆ ಕಟ್ಟುವ ಯೋಚನೆಯನ್ನೇ ಮಾಡಲಿಲ್ಲ. ಇವರೆಲ್ಲರ ಧೋರಣೆಗಳಲ್ಲಿ ಒಪ್ಪಲಾಗದ ಸಂಗತಿಗಳು ಬೇಕಾದಷ್ಟಿವೆ. ಆದರೂ ಮಗುವಿಗೆ ಈಗ ಏನು ಬೇಕು ಎಂಬ ಪ್ರಶ್ನೆ ಆ ಕೆಲಸದ ಬುಡದಲ್ಲಿತ್ತು. ಇಂದು ಓದು ಕಲಿಸಲು ಸರ್ಕಾರಿ ಶಾಲೆಯಿದೆ, ಕಾನ್ವೆಂಟಿದೆ, ಟ್ಯೂಷನ್ ಇದೆ. ನಮ್ಮ ಪಾಲಿಗೆ ಉಳಿದಿರುವುದು ಮಗುವಿನ ಒಳಗಿನ ಬದುಕು ಮಾತ್ರ. ಅದನ್ನೂ ಹಾಜರಿ ಪುಸ್ತಕದ ಹಾಗೆ ನಡೆಸಿದರೆ ನಾವು ಇರುವುದಾದರೂ ಯಾತಕ್ಕೆ?

ಕೈ ಎತ್ತಿಸುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಹಾಲಿನಲ್ಲಿ ಜಮಖಾನೆಯ ಮೇಲೆ ಎಂಬತ್ತು ತೊಂಬತ್ತು ಮಕ್ಕಳು. ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿದೆ. ಕಣ್ಣು ಮುಚ್ಚಿ, ಯಾರೂ ಆಚೀಚೆ ನೋಡಬೇಡಿ ಎಂದು ಅಣ್ಣನೊಬ್ಬ ಮೈಕಿನಲ್ಲಿ ಹೇಳುತ್ತಿದ್ದಾನೆ. ಯೇಸು ನಿಮ್ಮ ಹೃದಯಕ್ಕೆ ಬರಬೇಕು ಎನ್ನುವವರು ಕೈ ಎತ್ತಿ. ಮುಂದಿನ ಸಾಲಿನ ಆರು ವರ್ಷದ ಹುಡುಗಿ ಒಂದು ಕಣ್ಣು ತೆರೆದು ಪಕ್ಕದ ಅಕ್ಕನ ಕಡೆ ನೋಡುತ್ತಾಳೆ. ಅಕ್ಕನ ಕೈ ಮೇಲಿದೆ, ಇವಳೂ ಎತ್ತುತ್ತಾಳೆ. ಕಳೆದ ವರ್ಷವೂ ಎತ್ತಿದ್ದಳು. ಅವಳದು ಸುಳ್ಳಲ್ಲ, ನಾಟಕವೂ ಅಲ್ಲ. ತನಗೆ ಪ್ರೀತಿಯ ದೊಡ್ಡವರು ಕೇಳಿದ್ದನ್ನು ಅವಳು ಕೊಟ್ಟಳು, ಅಷ್ಟೆ. ಆರು ವರ್ಷದ ಮಗು ಬೇರೆ ಏನು ಮಾಡೀತು? ಆ ಕೈಯನ್ನು ಎಣಿಸಿ, ಇದು ನಿನ್ನ ತೀರ್ಮಾನ ಎಂದು ಅವಳಿಗೂ ಸಭೆಗೂ ಹೇಳುವುದು ನ್ಯಾಯವಲ್ಲ.

ಈ ವಾದ ಹೊಸದೇನಲ್ಲ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಸಭಾಪಾಲಕರಾಗಿದ್ದ ಹೊರೇಸ್ ಬುಶ್ನೆಲ್ 1847ರಲ್ಲಿ ಒಂದು ಪುಸ್ತಕದಲ್ಲಿ ಇದನ್ನೇ ಎತ್ತಿದರು. ಉಜ್ಜೀವನ ಕೂಟಗಳ ಅಬ್ಬರದ ಕಾಲ ಅದು. ಮಗು ಮೊದಲು ಪಾಪಿಯಾಗಿ ಬೆಳೆದು ಆಮೇಲೆ ಒಂದು ದಿನ ಕಣ್ಣೀರಿಟ್ಟು ತಿರುಗಿಕೊಳ್ಳಬೇಕು ಎಂದು ಕಾಯುವುದೇಕೆ, ಕ್ರೈಸ್ತ ಮನೆಯ ಮಗು ತಾನು ದೇವರವನಲ್ಲದ ಒಂದು ದಿನವನ್ನೂ ನೆನಪಿಸಿಕೊಳ್ಳಲಾರದಂತೆ ಬೆಳೆಯಬಾರದೇಕೆ ಎಂದು ಅವರು ಕೇಳಿದರು. ಟೀಕೆ ಎಷ್ಟು ಜೋರಾಯಿತೆಂದರೆ ಅಚ್ಚು ಹಾಕಿದ ಭಾನುವಾರ ಶಾಲಾ ಸಂಘವೇ ಪುಸ್ತಕವನ್ನು ಹಿಂದಕ್ಕೆ ಪಡೆಯಿತು. ಮನುಷ್ಯನೊಳಗಿನ ಕೇಡನ್ನು ಬುಶ್ನೆಲ್ ಹಗುರ ಮಾಡಿದರು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ನಂಬಿಕೆ ಮನೆಯ ಊಟ, ಮಾತು, ಮುನಿಸು, ರಾಜಿಗಳ ನಡುವೆ ನಿಧಾನವಾಗಿ ಬಲಿಯುತ್ತದೆ ಎಂದು ಅವರು ಕಂಡದ್ದು ಸರಿಯಾಗಿಯೇ ಇದೆ.

ಹೆದರಿಕೆಯ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಹದಿನೇಳನೆಯ ಶತಮಾನದಲ್ಲಿ ಜೇಮ್ಸ್ ಜೇನ್‌ವೇ ಎಂಬ ಇಂಗ್ಲಿಷ್ ಬೋಧಕರು ಎಳೆಯ ವಯಸ್ಸಿನಲ್ಲೇ ಸತ್ತ ಭಕ್ತ ಮಕ್ಕಳ ಕತೆಗಳನ್ನು ಮಕ್ಕಳಿಗಾಗಿಯೇ ಬರೆದರು. ತಲೆಮಾರುಗಳ ಕಾಲ ಅದನ್ನು ಮಕ್ಕಳ ಕೈಗೆ ಕೊಟ್ಟರು. ನರಕದ ಚಿತ್ರ ತೋರಿಸಿ ಪ್ರಾರ್ಥನೆ ಮಾಡಿಸುವ ರೂಢಿ ನಮ್ಮಲ್ಲೂ ಪೂರ್ತಿ ಹೋಗಿಲ್ಲ. ರಾತ್ರಿ ದೀಪ ಆರಿಸಲು ಅಂಜುವ ಮಗುವಿನ ಬಾಯಿಂದ ಬರುವ ಯೇಸಪ್ಪಾ ಎಂಬ ಕೂಗು ಭಯದ ಕೂಗು. ಅದನ್ನು ಭಕ್ತಿ ಎಂದು ಮೆಚ್ಚಿಕೊಳ್ಳುವುದು ಕ್ರೌರ್ಯ.

ಹಾಗಾದರೆ ಬಾಯಿಪಾಠವೂ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಈಚಿನ ಕೆಲವು ಶಿಕ್ಷಕರು ಮಗು ತನ್ನ ಸ್ವಂತ ಮಾತಿನಲ್ಲಿ ಪ್ರಾರ್ಥಿಸಿದರೆ ಮಾತ್ರ ಅದು ನಿಜ, ಕಲಿತ ಪ್ರಾರ್ಥನೆ ಗಿಳಿಪಾಠ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಂಗಳೂರಿನ ಕೊಂಕಣಿ ಕಥೋಲಿಕ ಮನೆಗಳಲ್ಲಿ ಸಂಜೆ ಎಲ್ಲರೂ ಅಲ್ತಾರಿನ ಮುಂದೆ ಮೊಣಕಾಲೂರಿ ತೇರ್ಸ್ ಹೇಳುತ್ತಾರೆ. ಜಪಸರದ ಮಣಿ ಜರುಗುತ್ತಿರುತ್ತದೆ, ಚಿಕ್ಕ ಮಗು ಅರ್ಧದಲ್ಲೇ ತೂಕಡಿಸಿ ಅಜ್ಜಿಯ ತೊಡೆಗೆ ಒರಗಿರುತ್ತದೆ. ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಹತ್ತಿರ ಹೋಗಿ ಕೈಜೋಡಿಸಿ ಬೆಸಾಂವ್ ಕೇಳುತ್ತಾರೆ, ಹಿರಿಯರು ಹರಸುತ್ತಾರೆ. ಮಗುವಿಗೆ ಆ ಮಾತುಗಳೆಲ್ಲ ಅರ್ಥವಾಗಿರುವುದಿಲ್ಲ. ಆದರೆ ಹಗಲೆಲ್ಲ ಬೈದ ಅಪ್ಪ ಈಗ ಮೊಣಕಾಲೂರಿದ್ದಾನೆ, ಆಮೇಲೆ ತನ್ನನ್ನು ಹರಸುತ್ತಿದ್ದಾನೆ ಎಂಬುದು ಅರ್ಥವಾಗುತ್ತದೆ. ಅಪ್ಪನಿಗಿಂತ ದೊಡ್ಡವರೊಬ್ಬರಿದ್ದಾರೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಚಾರ್ಟೂ ಕಲಿಸಲಾರದು. ಕರ್ತನ ಪ್ರಾರ್ಥನೆಯೂ ಹಾಗೆಯೇ. ನಾಲಿಗೆಯ ಮೇಲೆ ನಿಂತ ಮಾತು ಮಗುವಿನ ಆಸ್ತಿ. ಐವತ್ತು ವರ್ಷದ ನಂತರ ಆಸ್ಪತ್ರೆಯ ವಾರ್ಡಿನಲ್ಲಿ ಸ್ವಂತ ಮಾತೊಂದೂ ಹೊರಡದಾಗ ಅದು ಹೊರಡುತ್ತದೆ. ಬಾಯಿಪಾಠ ಕೆಡುವುದು ಅದಕ್ಕೆ ಕಪ್ಪು, ಶೀಲ್ಡು ಕಟ್ಟಿದಾಗ. ಗೆದ್ದ ಮಗುವಿಗೆ ವಚನ ಅಂಕವಾಗುತ್ತದೆ, ಸೋತದ್ದಕ್ಕೆ ಅವಮಾನ. ಓದಲು ತಿಣುಕುವ ಮಗು ಶಾಲೆಯ ಸೋಲನ್ನು ಹೊತ್ತುಕೊಂಡು ಬಂದು ಭಾನುವಾರವೂ ಸೋಲುತ್ತದೆ. ಎಲ್ಲರೂ ಒಟ್ಟಾಗಿ, ಹಾಡಿನ ಹಾಗೆ ಹೇಳಿ ಕಲಿಯಲಿ. ಯಾರಿಗೆ ಎಷ್ಟು ಬಂತೋ ಅಷ್ಟು.

ನಾವು ಮಕ್ಕಳಿಗೆ ಕಲಿಸುವ ಪ್ರಾರ್ಥನೆಯಲ್ಲಿ ಬಹುಪಾಲು ಬೇಡಿಕೆ. ಅದು ಕೊಡು, ಇದು ಕೊಡು, ಕಾಪಾಡು, ಪಾಸು ಮಾಡಿಸು. ರೋಮಿನಲ್ಲಿದ್ದ ಸತ್ಯವೇದ ವಿದ್ವಾಂಸೆ ಸೋಫಿಯಾ ಕವಲ್ಲೆಟ್ಟಿ ಗಮನಿಸಿದ್ದು ಇದಕ್ಕೆ ವಿರುದ್ಧವಾದುದನ್ನು. 1954ರಲ್ಲಿ ಯಾರೋ ಕೇಳಿಕೊಂಡರೆಂದು ಆಕೆ ಏಳು ವರ್ಷದ ಒಬ್ಬ ಹುಡುಗನಿಗೆ ಸತ್ಯವೇದ ಹೇಳಿಕೊಡಲು ಕೂತರು. ಮಕ್ಕಳೊಂದಿಗೆ ಕೆಲಸ ಮಾಡಿದ ಅನುಭವ ಅವರಿಗೆ ಇರಲಿಲ್ಲ. ಆ ಹುಡುಗನ ಸಂತೋಷ ಕಂಡು ಅಚ್ಚರಿಗೊಂಡ ಅವರು ಮಾಂಟೆಸರಿ ಪದ್ಧತಿಯಲ್ಲಿ ಪಳಗಿದ್ದ ಜಿಯಾನ್ನಾ ಗೊಬ್ಬಿಯವರ ಜೊತೆ ಸೇರಿ ಉಳಿದ ಬದುಕನ್ನೆಲ್ಲ ಇದಕ್ಕೇ ಕೊಟ್ಟರು. ಒಳ್ಳೆಯ ಕುರುಬನ ಸಾಮ್ಯ, ಮಕ್ಕಳ ಕೈಗೆ ಸಿಗುವ ಸಣ್ಣ ಮರದ ಕುರಿಗಳು, ಹಟ್ಟಿ, ಮಕ್ಕಳ ಎತ್ತರದ ಮೇಜು, ಸಾಕಷ್ಟು ಮೌನ. ಸಣ್ಣ ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಅವರ ಪ್ರಾರ್ಥನೆ ಹೆಚ್ಚೂಕಡಿಮೆ ಪೂರ್ತಿ ಸ್ತುತಿ ಮತ್ತು ಕೃತಜ್ಞತೆ, ಬೇಡಿಕೆ ಬರುವುದು ಆಮೇಲೆ ಎಂದು ಕವಲ್ಲೆಟ್ಟಿ ದಾಖಲಿಸಿದರು. ನಮ್ಮ ತರಗತಿಗಳಲ್ಲೂ ಇದನ್ನು ಯಾರು ಬೇಕಾದರೂ ನೋಡಬಹುದು. ಏನು ಬೇಕು ಎಂದು ಕೇಳದೆ, ಈ ವಾರ ಏನು ಚೆನ್ನಾಗಿತ್ತು ಎಂದಷ್ಟೇ ಕೇಳಿ ಸುಮ್ಮನಿರಬೇಕು. ಅಷ್ಟು ಕೇಳಿದ್ದಕ್ಕೆ ಒಬ್ಬ ಹುಡುಗ ಹಸು ಕರು ಹಾಕಿದ್ದಕ್ಕೆ ಥ್ಯಾಂಕ್ಸ್ ಹೇಳಿದ. ಇನ್ನೊಬ್ಬಳು ಅಪ್ಪ ಕುಡಿಯದೆ ಮನೆಗೆ ಬಂದಿದ್ದಕ್ಕೆ. ಎರಡನೆಯ ಮಾತು ಬಂದಾಗ ತರಗತಿ ನಿಶ್ಶಬ್ದವಾಯಿತು. ಅವಳ ಬಾಯಿಗೆ ನಾವು ಹಾಕಿಕೊಡುತ್ತಿದ್ದ ಯಾವ ಸಿದ್ಧ ಪ್ರಾರ್ಥನೆಯಲ್ಲೂ ಅದಕ್ಕೆ ಎಡೆಯಿರಲಿಲ್ಲ.

ಬೇಡಿಕೆ ಬಂದಾಗ ಅದರೊಂದಿಗೆ ಅತಿ ಕಷ್ಟದ ಪ್ರಶ್ನೆಯೂ ಬರುತ್ತದೆ. ಒಂಬತ್ತು ವರ್ಷದ ಹುಡುಗ ಅಜ್ಜಿಗಾಗಿ ದಿನವೂ ಪ್ರಾರ್ಥಿಸಿದ, ತರಗತಿಯವರಿಂದಲೂ ಮಾಡಿಸಿದ. ಅಜ್ಜಿ ಉಳಿಯಲಿಲ್ಲ. ಮುಂದಿನ ಭಾನುವಾರ ಅವನು ಬಂದು ಕೂತಿದ್ದಾನೆ, ಕಣ್ಣು ಮುಚ್ಚುವುದಿಲ್ಲ. ಏನು ಹೇಳುತ್ತೀರಿ? ನಿನ್ನ ನಂಬಿಕೆ ಸಾಲಲಿಲ್ಲ ಎನ್ನುವವರನ್ನು ಮಕ್ಕಳ ಹತ್ತಿರ ಬಿಡಬಾರದು. ಆ ಮಾತು ಸಾವಿನ ಹೊರೆಯನ್ನು ಒಂಬತ್ತು ವರ್ಷದ ಹೆಗಲಿಗೆ ಹಾಕುತ್ತದೆ. ದೇವರಿಗೆ ಅಜ್ಜಿ ಬೇಕಾಗಿದ್ದರು, ಕರೆದುಕೊಂಡ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುವವರು ಬಹಳ. ಹುಡುಗನ ಕಿವಿಗೆ ಬೀಳುವುದು, ದೇವರು ನನ್ನ ಅಜ್ಜಿಯನ್ನು ಕಿತ್ತುಕೊಂಡ ಎಂದು. ಎಲ್ಲದಕ್ಕೂ ಒಂದು ಉದ್ದೇಶವಿದೆ ಎಂಬ ಮಾತೂ ಆ ಹೊತ್ತಿಗೆ ಸಲ್ಲದು.

ಸತ್ಯವೇದವೇ ನಮಗಿಂತ ಪ್ರಾಮಾಣಿಕವಾಗಿದೆ. ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಗೋಳಿನವು, ದೂರಿನವು. ಎಂಬತ್ತೆಂಟನೆಯ ಕೀರ್ತನೆ ಕತ್ತಲಲ್ಲೇ ಕೊನೆಗೊಳ್ಳುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಲಾಜರನ ಸಮಾಧಿಯ ಬಳಿ ಯೇಸು ಅತ್ತರು. ಗೆತ್ಸೇಮನೆಯಲ್ಲಿ ಅವರು ಕೇಳಿಕೊಂಡಿದ್ದು ಅವರಿಗೆ ಸಿಗಲಿಲ್ಲ. ಆದರೆ ನಮ್ಮ ಮಕ್ಕಳ ಹಾಡುಗಳೆಲ್ಲ ಚಪ್ಪಾಳೆಯ ಹಾಡುಗಳು. ದುಃಖದ ಮಗು ಹಾಡಬಹುದಾದ ಹಾಡು ನಮ್ಮ ವಿ.ಬಿ.ಎಸ್. ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಆ ಹುಡುಗನಿಗೆ ಟೀಚರ್ ಹೇಳಬಹುದಾದದ್ದು ಬಹಳ ಕಡಿಮೆ. ಯಾಕೆ ಹೀಗಾಯಿತೋ ನನಗೂ ಗೊತ್ತಿಲ್ಲ ಮಗು. ನಿನಗೆ ಸಿಟ್ಟು ಬಂದಿದ್ದರೆ ಅದನ್ನೂ ದೇವರಿಗೆ ಹೇಳಬಹುದು, ಅವರು ನಿನ್ನ ಮೇಲೆ ಮುನಿಯುವುದಿಲ್ಲ. ಇವತ್ತು ನೀನು ಪ್ರಾರ್ಥನೆ ಮಾಡದಿದ್ದರೂ ಪರವಾಗಿಲ್ಲ, ನಿನ್ನ ಪರವಾಗಿ ನಾವು ಮಾಡುತ್ತೇವೆ. ಅಷ್ಟು ಹೇಳಿ ಅಜ್ಜಿಯ ಬಗ್ಗೆ ಕೇಳಬೇಕು: ಏನು ಅಡುಗೆ ಮಾಡುತ್ತಿದ್ದರು, ಯಾವ ಕತೆ ಹೇಳುತ್ತಿದ್ದರು. ಪುನರುತ್ಥಾನದ ನಿರೀಕ್ಷೆಯನ್ನು ನಾನು ಬಿಟ್ಟುಕೊಡುತ್ತಿಲ್ಲ. ಅದು ನಮ್ಮ ನಂಬಿಕೆಯ ತಿರುಳು. ಆದರೆ ಅಳುವ ಮಗುವಿನ ಬಾಯಿ ಮುಚ್ಚಿಸಲು ಅದನ್ನು ಬಳಸಬಾರದು.

ಪರೀಕ್ಷೆಯ ಪ್ರಾರ್ಥನೆಯದೂ ಇದೇ ಸಮಸ್ಯೆ. ಎಸ್.ಎಸ್.ಎಲ್.ಸಿ., ಪಿಯುಸಿ ಪರೀಕ್ಷೆ ಹತ್ತಿರವಾದಾಗ ಸಭೆಗಳಲ್ಲಿ ವಿಶೇಷ ಪ್ರಾರ್ಥನೆ ಇಡುತ್ತಾರೆ, ಮಕ್ಕಳು ಹಾಲ್ ಟಿಕೆಟ್ಟು, ಪೆನ್ನು ಹಿಡಿದು ಮುಂದೆ ಬರುತ್ತಾರೆ. ಹೆದರಿದ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಒಳ್ಳೆಯದೇ. ಪ್ರಾರ್ಥನೆ ಮಾಡಿದ್ದಕ್ಕೆ ಇಷ್ಟು ಪರ್ಸೆಂಟ್ ಬಂತು ಎಂದು ಮೇ ತಿಂಗಳಲ್ಲಿ ಸಾಕ್ಷಿ ಹೇಳಿಸುವಾಗ ಮಾತ್ರ ತಪ್ಪುತ್ತದೆ. ಅದೇ ಬೆಂಚಿನಲ್ಲಿ ಫೇಲಾದ ಹುಡುಗಿಯೂ ಕೂತಿರುತ್ತಾಳೆ. ಅವಳ ಪೆನ್ನಿಗೂ ಅದೇ ಪ್ರಾರ್ಥನೆ ಆಗಿತ್ತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಪ್ರಾರ್ಥನಾ ವಿನಂತಿ ಕೇಳಿದಾಗ ಮಗು ಕೆಲವೊಮ್ಮೆ ಬೇರೆಲ್ಲೂ ಹೇಳದ್ದನ್ನು ಹೇಳುತ್ತದೆ. ಮಾವ ಮನೆಗೆ ಬರಬಾರದು ಎಂದು ಪ್ರಾರ್ಥನೆ ಮಾಡಿ ಟೀಚರ್ ಎಂದು ಒಂದು ಮಗು ಹೇಳಿದರೆ ಪ್ರಾರ್ಥಿಸಿ ಕಳಿಸಿಬಿಡುವುದು ಅಪರಾಧ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯಿದೆ ಹೇಳುತ್ತದೆ, ತಿಳಿಸದಿದ್ದರೆ ಶಿಕ್ಷೆಯಿದೆ. ಸಭೆಯ ಮರ್ಯಾದೆ, ಮನೆತನದ ಮರ್ಯಾದೆ, ಮೊದಲು ಹಿರಿಯರು ಕೂತು ಮಾತಾಡೋಣ ಎಂಬ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ಪ್ರತಿ ಸಂಡೇಸ್ಕೂಲ್ ಶಿಕ್ಷಕರಿಗೂ ಕೀರ್ತನೆಯ ಸಂಖ್ಯೆಯಷ್ಟೇ ಸಲೀಸಾಗಿ ಬಾಯಿಗೆ ಬರಬೇಕು. ನಾನು ಹೇಳಿದ್ದನ್ನು ದೊಡ್ಡವರು ಕೇಳಿ ಸುಮ್ಮನಾದರು ಎಂದು ಕಂಡ ಮಗು, ದೇವರೂ ಹಾಗೆಯೇ ಎಂದು ತಿಳಿದರೆ ಆಶ್ಚರ್ಯವೇನು?

ಬೇರೆ ಧರ್ಮದ ಮನೆಗಳ ಮಕ್ಕಳೂ ಗೆಳೆಯರ ಜೊತೆ ವಿ.ಬಿ.ಎಸ್.ಗೆ ಬರುತ್ತಾರೆ. ಬರಲಿ, ಆಡಲಿ, ಕತೆ ಕೇಳಲಿ. ಆದರೆ ಇಲ್ಲಿ ಏನು ಹೇಳಿಕೊಡುತ್ತೇವೆ ಎಂಬುದನ್ನು ಅವರ ತಂದೆತಾಯಿಗೆ ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ಪಡೆದಿರಬೇಕು. ಮನೆಗೆ ತಿಳಿಯದಂತೆ ಅವರಿಂದ ಕೈ ಎತ್ತಿಸುವುದು, ಪ್ರಾರ್ಥನೆ ಹೇಳಿಸುವುದು ತಪ್ಪು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿ ಮಗುವಿನ ಆಲೋಚನೆ, ಅಂತಃಸಾಕ್ಷಿ, ಧರ್ಮಗಳ ಸ್ವಾತಂತ್ರ್ಯವನ್ನೂ ದಾರಿ ತೋರಿಸುವ ತಂದೆತಾಯಿಯ ಹಕ್ಕನ್ನೂ ಒಟ್ಟಿಗೆ ಇಟ್ಟಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಕಾನೂನಿಗೆ ಅಂಜಿ ನಾನು ಇದನ್ನು ಹೇಳುತ್ತಿಲ್ಲ. ನಮ್ಮ ಮಗುವಿಗೆ ಬೇರೆಯವರು ಹೀಗೆ ಮಾಡಿದರೆ ನಮಗೆ ಹೇಗನ್ನಿಸೀತು ಎಂದು ಕೇಳಿಕೊಂಡರೆ ಸಾಕು.

ಮಕ್ಕಳ ಶಿಕ್ಷಕರಿಗೆ ಸತ್ಯವೇದದಲ್ಲಿ ನನಗೆ ಕಾಣುವ ಮಾದರಿ ಏಲಿ. ದೃಷ್ಟಿ ಮಂದವಾದ ಮುದುಕ, ಸ್ವಂತ ಮಕ್ಕಳನ್ನು ತಿದ್ದಲಾರದ ಯಾಜಕ. ರಾತ್ರಿ ಹುಡುಗ ಸಮುವೇಲ ಕರೆದಿರಾ ಎಂದು ಓಡಿ ಬರುತ್ತಾನೆ. ಇಲ್ಲ, ಹೋಗಿ ಮಲಗು ಎನ್ನುತ್ತಾನೆ ಏಲಿ. ಮೂರನೆಯ ಸಲ ಬಂದಾಗ ಅವನಿಗೆ ಹೊಳೆಯುತ್ತದೆ, ಕರೆಯುತ್ತಿರುವವರು ಯಾರೆಂದು. ಆಗ ಅವನು ಹುಡುಗನ ಜೊತೆ ಎದ್ದು ಹೋಗುವುದಿಲ್ಲ, ತಾನೇ ಉತ್ತರ ಕೊಡುವುದಿಲ್ಲ, ಅನುವಾದಕನಾಗಿ ನಡುವೆ ನಿಲ್ಲುವುದಿಲ್ಲ. ಹೇಳಬೇಕಾದ ಒಂದು ಚಿಕ್ಕ ಮಾತನ್ನು ಕಲಿಸಿ ಹುಡುಗನನ್ನು ಒಬ್ಬನನ್ನೇ ಮತ್ತೆ ಅದೇ ಜಾಗಕ್ಕೆ ಕಳಿಸುತ್ತಾನೆ. ಕಲಿತ ಮಾತೂ ಇದೆ, ಬಿಟ್ಟುಕೊಟ್ಟ ಜಾಗವೂ ಇದೆ. ಮಕ್ಕಳಿಗೆ ನಾವು ಹೇಳುವ ಕತೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ, ಬೈಬಲಿನಲ್ಲಿ ಮುಗಿಯುವುದಿಲ್ಲ. ಹುಡುಗ ಕೇಳಿಸಿಕೊಂಡದ್ದು ಏಲಿಯ ಮನೆತನದ ಮೇಲಿನ ತೀರ್ಪು. ಬೆಳಿಗ್ಗೆ ಅದನ್ನು ಹೇಳಲು ಅವನು ಹೆದರುತ್ತಾನೆ. ಏಲಿ ಒತ್ತಾಯಿಸಿ ಕೇಳಿ, ಒಂದನ್ನೂ ಮುಚ್ಚಿಡಬೇಡ ಎಂದು ಹೇಳಿ, ಕೇಳಿದ್ದನ್ನು ಒಪ್ಪಿಕೊಳ್ಳುತ್ತಾನೆ. ಮಗು ಪ್ರಾರ್ಥನೆಯಲ್ಲಿ ಕಂಡದ್ದು ನಮಗೆ ಹಿತವಾಗಿಯೇ ಇರುತ್ತದೆ ಎಂದು ಯಾರು ಹೇಳಿದರು? ಅದು ನಮ್ಮ ಜಗಳಗಂಟಿ ಸಭೆಯ ಬಗ್ಗೆ ಇರಬಹುದು. ಮನೆಯ ಕೆಲಸದವರನ್ನು ಅಮ್ಮ ನಡೆಸಿಕೊಳ್ಳುವ ರೀತಿಯ ಬಗ್ಗೆ ಇರಬಹುದು.

ಹಾರ್ವರ್ಡ್‌ನ ಮಕ್ಕಳ ಮನೋವೈದ್ಯ ರಾಬರ್ಟ್ ಕೋಲ್ಸ್ ದಶಕಗಳ ಕಾಲ ಮಕ್ಕಳ ಜೊತೆ ಮಾತಾಡಿದವರು. ಮಕ್ಕಳ ಆಧ್ಯಾತ್ಮಿಕ ಬದುಕಿನ ಕುರಿತ ಅವರ ಪುಸ್ತಕ ಬಂದದ್ದು 1990ರಲ್ಲಿ. ಮಕ್ಕಳು ದೇವರ ಬಗ್ಗೆ ಮುಂಚಿನಿಂದಲೂ ಮಾತಾಡುತ್ತಲೇ ಇದ್ದರು, ತಾನು ಅದಕ್ಕೆ ಸರಿಯಾಗಿ ಕಿವಿಗೊಡಲಿಲ್ಲ ಎಂದು ಅವರು ಒಪ್ಪಿಕೊಂಡಿದ್ದಾರೆ. ಅಷ್ಟು ನುರಿತವರಿಗೇ ಹೀಗಾದರೆ, ಭಾನುವಾರ ಮುಕ್ಕಾಲು ಗಂಟೆಯಲ್ಲಿ ಕತೆ, ವಚನ, ಕಾಣಿಕೆ, ಹಾಜರಿ ಎಲ್ಲ ಮುಗಿಸಬೇಕಾದ ಡಿಗ್ರಿ ಓದುವ ಹುಡುಗಿಯ ಪಾಡೇನು? ಅವಳನ್ನು ನಾನು ದೂರುವುದಿಲ್ಲ. ಅವಳಿಗೆ ತರಬೇತಿಯಿಲ್ಲ, ತನ್ನ ಆರಾಧನೆಯನ್ನು ತಪ್ಪಿಸಿಕೊಂಡು ಮಕ್ಕಳ ಜೊತೆ ಕೂರುತ್ತಾಳೆ. ಸಭೆಯ ಕಮಿಟಿ ಕಟ್ಟಡದ ಬಣ್ಣಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಅವಳ ತರಬೇತಿಗೆ ಇಡಲಿ. ಹದಿನೈದು ಮಕ್ಕಳಿಗೆ ಒಬ್ಬರ ಬದಲು ಇಬ್ಬರನ್ನು ಕೊಡಲಿ, ಒಬ್ಬರು ಹೇಳಲು, ಒಬ್ಬರು ಕೇಳಲು.

ಇಷ್ಟಾದರೂ ಸಂಡೇಸ್ಕೂಲು ಮನೆಯ ಜಾಗ ತುಂಬಲಾರದು. ಮಗ ಕೇಳಿದಾಗ ತಂದೆ ಉತ್ತರ ಹೇಳಬೇಕು ಎಂದು ಧರ್ಮೋಪದೇಶಕಾಂಡ ಹೇಳುವುದು ಮನೆಯವರಿಗೆ, ಯಾಜಕರಿಗಲ್ಲ. ಮನೆಯಲ್ಲಿ ಉದ್ದುದ್ದ ಕುಟುಂಬ ಪ್ರಾರ್ಥನೆ ಆಗದಿದ್ದರೆ ಚಿಂತೆಯಿಲ್ಲ. ಮಗುವಿನ ಎದುರು ಅಪ್ಪ ದೇವರಲ್ಲಿ ಕ್ಷಮೆ ಕೇಳಿ, ಆಮೇಲೆ ಅಮ್ಮನಲ್ಲೂ ಕೇಳಿದರೆ ಅದು ದೊಡ್ಡದು. ಮಗುವಿನ ಪ್ರಾರ್ಥನೆಯನ್ನು ನೆಂಟರ ಮುಂದೆ ಪ್ರದರ್ಶನಕ್ಕಿಡದ ತಾಯಿ ಸಿಕ್ಕರೆ ಆ ಮಗು ಪುಣ್ಯವಂತ.

ಕೊನೆಗೆ ಸಭೆಯ ಪಾಲು. ಕಥೋಲಿಕರಲ್ಲಿ ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷದವರೆಗೂ ಮಕ್ಕಳನ್ನು ಪರಮಪ್ರಸಾದಕ್ಕೆ ಕಾಯಿಸುತ್ತಿದ್ದ ಕಾಲದಲ್ಲಿ, 1910ರಲ್ಲಿ, ಹತ್ತನೆಯ ಪಯಸ್ ಪೋಪರು ಏಳರ ಆಸುಪಾಸಿನ ಮಕ್ಕಳಿಗೂ ಅದು ಸಲ್ಲುತ್ತದೆ ಎಂದು ಆಜ್ಞೆ ಹೊರಡಿಸಿದರು. ಮಗುವಿಗೆ ಎಲ್ಲ ತಿಳಿದಿರಬೇಕಾಗಿಲ್ಲ, ಈ ರೊಟ್ಟಿಗೂ ಮನೆಯ ರೊಟ್ಟಿಗೂ ಇರುವ ವ್ಯತ್ಯಾಸ ತಿಳಿದರೆ ಸಾಕು ಎಂಬುದು ಅದರ ನಿಲುವು. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿ ಪ್ರಸಂಗ ಶುರುವಾಗುವ ಮೊದಲು ಮಕ್ಕಳನ್ನು ಹೊರಗೆ ಕಳಿಸುತ್ತೇವೆ, ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ದೇವದೂತರ ರೆಕ್ಕೆ ಕಟ್ಟಿ ಒಳಗೆ ಕರೆಯುತ್ತೇವೆ. ನನ್ನ ಕೋರಿಕೆ ಚಿಕ್ಕದು. ತಿಂಗಳಿಗೊಂದು ಭಾನುವಾರ ಸಭೆಯ ವಿಜ್ಞಾಪನೆಯ ಪ್ರಾರ್ಥನೆಯನ್ನು ಮಕ್ಕಳು ನಡೆಸಲಿ. ಟೀಚರ್ ಬರೆದುಕೊಟ್ಟ ಚೀಟಿ ಬೇಡ. ಹಿಂದಿನ ವಾರ ತರಗತಿಯಲ್ಲಿ ಮಕ್ಕಳೇ ಮಾತಾಡಿಕೊಂಡು ಆರಿಸಿದ್ದನ್ನು ಅವರ ಮಾತಿನಲ್ಲೇ ಹೇಳಲಿ. ಹಸುವಿನ ಕರು ಬರಬಹುದು, ಕಾವೇರಿ ನೀರು ಬರಬಹುದು, ಜೈಲಿನಲ್ಲಿರುವ ಯಾರದೋ ಅಪ್ಪ ಬರಬಹುದು. ಆರಾಧನೆಯ ಗಾಂಭೀರ್ಯ ಕೆಡುತ್ತದೆ, ಮಕ್ಕಳು ಏನಾದರೂ ಹೇಳಿಬಿಡುತ್ತಾರೆ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಮಕ್ಕಳನ್ನು ತಡೆದ ಶಿಷ್ಯರ ಮನಸ್ಸಿನಲ್ಲೂ ಗುರುವಿನ ಗೌರವ ಕಾಯುವ ಕಾಳಜಿಯೇ ಇದ್ದಿರಬೇಕು. ಆದರೂ ಯೇಸು ಕೋಪಗೊಂಡದ್ದು ಅವರ ಮೇಲೆಯೇ ಎಂದು ಮಾರ್ಕನು ಬರೆದಿದ್ದಾನೆ. ಏನಾದರೂ ಹೇಳಿಬಿಡುವ ಮಕ್ಕಳು ಬೇಕಾಗಿಯೇ ನಾನು ಇದನ್ನು ಕೇಳುತ್ತಿದ್ದೇನೆ.